ಮಲಗಿಸಿದ ಪದರ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಮಂಚದ ಮೇಲೆ ಮಡಿಚಿಟ್ಟ ಬಟ್ಟೆಯ ರಾಶಿಯನ್ನು ತೋರಿಸುತ್ತೇನೆ. ಕೊನೆಗೆ ಇಟ್ಟದ್ದು ಮೇಲೆ. ಅಡಿಯಲ್ಲಿರುವ ಲಂಗ ಬೇಕೆಂದರೆ ಮೇಲಿನ ಟವೆಲ್ಲು, ಪಂಚೆ, ದಿಂಬಿನ ಚೀಲ ಎಲ್ಲವನ್ನೂ ಎತ್ತಬೇಕು. ಮಗಳು ಎತ್ತುವುದಿಲ್ಲ, ಎಳೆಯುತ್ತಾಳೆ. ರಾಶಿ ಬೀಳುತ್ತದೆ. ನಾನು ಮತ್ತೆ ಮಡಿಚುತ್ತೇನೆ. ಮನೆಯಲ್ಲೂ ಕಚೇರಿಯಲ್ಲೂ ನಾನು ಮಾಡುವುದು ಇದನ್ನೇ.

ಫೋನುಗಳು ಹೋಗಿ ಪೊರೆ ಬಂದು ಹನ್ನೊಂದು ವರ್ಷವಾಯಿತು. ಎಡ ಅಂಗೈಗೆ ಅಂಟಿಸಿಕೊಳ್ಳುವ ತೆಳುವಾದ ಪೊರೆ. ಮೈಯ ಬಿಸಿಯಲ್ಲೇ ನಡೆಯುತ್ತದೆ, ಬಲಗೈ ಬೆರಳಿನಿಂದ ಒತ್ತಿದರೆ ಹೇಳಿದ ಕೆಲಸ ಮಾಡುತ್ತದೆ. ಬೆಳಿಗ್ಗೆ ಕಣ್ಣುಬಿಟ್ಟ ಕೂಡಲೇ ಅಂಗೈ ನೋಡಿಕೊಳ್ಳುವುದು ನಮ್ಮ ಜನಕ್ಕೆ ಮೊದಲೇ ರೂಢಿಯಿದ್ದುದರಿಂದ ಅದನ್ನು ಯಾರಿಗೂ ಕಲಿಸಬೇಕಾಗಲಿಲ್ಲ. ನಮ್ಮ ಅತ್ತೆ ಇದ್ದಾಗ ಎದ್ದು ಅಂಗೈಗೆ ಕೈಮುಗಿದು, ಅದೇ ಅಂಗೈಯಲ್ಲಿ ಗ್ಯಾಸ್ ಬುಕ್ ಮಾಡಿ, ಆಮೇಲೆ ಮುಖ ತೊಳೆಯುತ್ತಿದ್ದರು.

ತೊಂದರೆಯಿರುವುದು ಅಂಗೈಯ ಅಳತೆಯಲ್ಲಿ. ನಾಲ್ಕು ಬೆರಳಗಲದ ಜಾಗ. ಅಲ್ಲಿ ಬ್ಯಾಂಕು, ಬಸ್ಸು, ಪಡಿತರ, ಶಾಲೆ, ಆಂಬ್ಯುಲೆನ್ಸು, ಲಿಫ್ಟು, ಮಾತು, ಔಷಧಿ ಎಲ್ಲವೂ ಇರಬೇಕು. ಪಕ್ಕಪಕ್ಕ ಕೂರಿಸಲು ಜಾಗವಿಲ್ಲ, ಒಂದರ ಮೇಲೊಂದು ಪೇರಿಸಬೇಕು. ಒಂದೊಂದಕ್ಕೂ ಒಂದೊಂದು ಪದರ. ಯಾವುದು ಯಾವುದರ ಮೇಲೆ ಎಂದು ನೋಡಿಕೊಳ್ಳುವುದಕ್ಕೆ ಜಿಲ್ಲೆಗೊಂದು ಕೇಂದ್ರವಿದೆ. ತುಮಕೂರಿನ ಕೇಂದ್ರದಲ್ಲಿ ನಾನು ಬೆಳಗಿನ ಪಾಳಿ, ಆರರಿಂದ ಎರಡರವರೆಗೆ.

ಪ್ರತಿ ಪದರಕ್ಕೂ ನಮ್ಮ ಮೇಜಿನ ಮೇಲೆ ಎರಡು ಗುಂಡಿಗಳಿರುತ್ತವೆ. ಒಂದು ನೋಟದ್ದು, ಇನ್ನೊಂದು ಸ್ಪರ್ಶದ್ದು. ನೋಟವನ್ನು ದೀಪದಂತೆ ಆರಿಸಿದರೆ ಪದರ ಗಾಜಿನಂತಾಗಿ ಕೆಳಗಿನದೆಲ್ಲ ಕಾಣುತ್ತದೆ. ಸ್ಪರ್ಶ ಆರಿಸಿದರೆ ಬೆರಳೊತ್ತು ಆ ಪದರವನ್ನು ಹಾಯ್ದು ಕೆಳಗಿನದಕ್ಕೆ ಹೋಗುತ್ತದೆ. ಕಾಣಿಸುವುದೇ ಬೇರೆ, ಬೆರಳಿಗೆ ಸಿಗುವುದೇ ಬೇರೆ. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸುವ ಪಾಠ ಇದು.

ಇನ್ನೊಂದು ಪಾಠವನ್ನು ಯಾರೂ ಕಲಿಸುವುದಿಲ್ಲ, ನಾವೇ ಕಲಿತದ್ದು. ಹೊಸ ಪದರ ಹಾಸಬೇಕೆಂದರೆ ಮೂರು ಕಚೇರಿಗಳ ಮುದ್ರೆ ಬೇಕು. ತೆಗೆಯುವುದು ಸುಲಭ, ಆದರೆ ತೆಗೆದದ್ದನ್ನು ಸಂಜೆ ಮತ್ತೆ ಹಾಸಬೇಕೆಂದರೆ ಮತ್ತೆ ಮೂರು ಮುದ್ರೆ, ಮತ್ತೆ ಮೂರು ಕಡೆ ಅಂಗಲಾಚುವುದು. ಹಾಗಾಗಿ ನಾವು ತೆಗೆಯುವುದಿಲ್ಲ. ನೋಟ ಆರಿಸಿ ಅಲ್ಲೇ ಬಿಡುತ್ತೇವೆ. ಇದಕ್ಕೆ ನಮ್ಮಲ್ಲಿ ಮಲಗಿಸುವುದು ಎನ್ನುತ್ತಾರೆ. ಮೇಜಿನ ಅಂಚಿಗೆ ಒಂದು ಚೀಟಿ ಅಂಟಿಸಿದೆ: ‘ತೆಗೀಬೇಡಿ, ಮಲಗಿಸಿ.’ ಅಕ್ಷರ ನನ್ನದೇ. ಮಗಳು ಇಬ್ಬನಿ ಹೊಟ್ಟೆಯಲ್ಲಿದ್ದಾಗ, ಮುದ್ರೆಗಾಗಿ ಮೆಟ್ಟಿಲು ಹತ್ತಿಳಿದು ಸಾಕಾಗಿ ಬರೆದದ್ದು.

ಇಬ್ಬನಿಗೆ ಈಗ ಒಂಬತ್ತು. ನಾಲ್ಕನೇ ವರ್ಷಕ್ಕೆ ಅವಳ ಮೈ ಇನ್ಸುಲಿನ್ ಮಾಡುವುದನ್ನು ನಿಲ್ಲಿಸಿತು. ಸೊಂಟದಲ್ಲಿ ಬೆಂಕಿಪೊಟ್ಟಣದಷ್ಟು ಪಂಪು, ಅದರಿಂದ ಹೊಟ್ಟೆಯ ಚರ್ಮಕ್ಕೆ ಸಣ್ಣ ಕೊಳವೆ. ಊಟಕ್ಕೆ ಮುಂಚೆ ದೊಡ್ಡವರು ತಮ್ಮ ಅಂಗೈಯಲ್ಲಿ ‘ಕೊಡು’ ಒತ್ತಬೇಕು. ಒಬ್ಬಟ್ಟಿನಂಥ ಊಟವಾದರೆ ಪಂಪು ಮುಕ್ಕಾಲು ಗಂಟೆ ನಿಧಾನವಾಗಿ ಕೊಡುತ್ತದೆ. ನಡುವೆ ಏನಾದರೂ ಆದರೆ, ರಕ್ತದ ಸಕ್ಕರೆ ಕುಸಿಯುವ ಮೊದಲು ‘ನಿಲ್ಲಿಸು’ ಒತ್ತಬೇಕು. ಅದು ಹೆಬ್ಬೆರಳಿನ ಬುಡದಲ್ಲಿದೆ. ಜಿಲ್ಲೆಯ ಎಲ್ಲ ಪಂಪುಗಳಿಗೂ ‘ನಿಲ್ಲಿಸು’ ಅಲ್ಲೇ ಇರಲಿ ಎಂದು ಜಾಗ ಗೊತ್ತುಮಾಡಿದವಳು ನಾನು.

ಯುಗಾದಿಯ ದಿನ ನನಗೆ ರಜೆ ಸಿಗಲಿಲ್ಲ. ಹಿಂದಿನ ಸಂಜೆಯೇ ಒಬ್ಬಟ್ಟು ಬೇಯಿಸಿಟ್ಟೆ. ಬೆಳಗಿನ ಜಾವ ಬೇವು-ಬೆಲ್ಲ ಕಲಸಿ ದೇವರ ಮುಂದೆ ಬಟ್ಟಲು ಇಟ್ಟು ಹೊರಟಾಗ ಇಬ್ಬನಿ ಎದ್ದು ಬಂದಳು. ನೀನು ಬರುವವರೆಗೂ ಬೇವು-ಬೆಲ್ಲ ಮುಟ್ಟುವುದಿಲ್ಲ ಎಂದಳು. ಮಗುವಿಗೆ ಭಕ್ತಿ ಎಂದುಕೊಳ್ಳಬೇಡಿ, ಬೇವು ತಿನ್ನುವುದನ್ನು ಮುಂದೂಡುವ ಉಪಾಯ ಅದು.

ನನ್ನ ಗಂಡ ಪಾಲಾಕ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಂಜಿನ್ನಿನ ಹೊಟ್ಟೆಯೊಳಗೆ ಕೈಹಾಕುವ ಮನುಷ್ಯನಿಗೆ ಸೂಜಿ ಕಂಡರೆ, ಒಂದು ಹನಿ ರಕ್ತ ಕಂಡರೆ ಕಣ್ಣು ಕತ್ತಲಾಗುತ್ತದೆ. ಮೂರು ದಿನಕ್ಕೊಮ್ಮೆ ನಾನು ಮಗಳ ಕೊಳವೆ ಬದಲಿಸುವಾಗ ಅವರು ಅಂಗಳಕ್ಕೆ ಹೋಗಿ ನಿಲ್ಲುತ್ತಾರೆ. ಪಂಪು ಕೆಟ್ಟರೆ ಕೊಳವೆ ಕಿತ್ತುಬಿಡಿ ಎಂದು ಆ ದಿನವೂ ಬಾಗಿಲಲ್ಲಿ ನಿಂತು ಹೇಳಿದೆ.

“ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳು” ಎಂದರು. “ಗುಂಡಿ ಐತಲ್ಲ, ಒತ್ತುತೀನಿ.”

ಹಬ್ಬಕ್ಕೆ ಮೇಲಿನ ಕಚೇರಿಯೊಂದರಿಂದ ಶುಭಾಶಯದ ಪದರ ಬಂದಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಜಿಲ್ಲೆಯ ಎಲ್ಲ ಅಂಗೈಗಳ ಮೇಲೆ ಬೇವಿನೆಲೆ ಉದುರಬೇಕು, ನಡುವೆ ಬೆಲ್ಲದ ಅಚ್ಚು ಹೊಳೆಯಬೇಕು, ಒಂದು ನಿಮಿಷ. ಸಂಜೆ ಚಂದ್ರನನ್ನು ನೋಡುವ ಹೊತ್ತಿಗೆ ಮತ್ತೊಂದು ನಿಮಿಷ. ಪ್ರತಿ ಹಬ್ಬಕ್ಕೂ ಹೀಗೆ ಏನಾದರೊಂದು ಇರುತ್ತದೆ. ಈ ಸಲ ಒಂದು ಹೊಸತು ಸೇರಿಸಿದ್ದರು: ಎಲೆ ಬೀಳುವಾಗ ಅಂಗೈಯ ಮೇಲೆ ಎಲ್ಲಿ ಒತ್ತಿದರೂ ನಮ್ಮ ಹೆಸರಿನಲ್ಲಿ ಮನೆಯವರಿಗೆ ಒಂದು ಶುಭಾಶಯ ಹೋಗುತ್ತದೆ.

ಹನ್ನೆರಡಕ್ಕೆ ನಮ್ಮ ಪರದೆಯ ಮೇಲಿನ ಅಂಗೈಯಲ್ಲೂ ಎಲೆ ಉದುರಿದವು. ಚೆನ್ನಾಗಿಯೇ ಇತ್ತು. ಪಕ್ಕದ ಮೇಜಿನ ಶಾಹಿನಾ, ಬೇವಿನೆಲೆ ಇಷ್ಟು ಹಸಿರಾಗಿರುತ್ತದಾ ಅಕ್ಕಾ ಎಂದಳು. ನಿಮಿಷ ಮುಗಿಯಿತು. ಸಂಜೆಗೆ ಮತ್ತೆ ಬೇಕಲ್ಲ ಎಂದು ಪದರವನ್ನು ಮಲಗಿಸಿದೆ. ನೋಟದ ಗುಂಡಿ ಒತ್ತಿದೆ. ಎಲೆ ಮಾಯವಾಗಿ ಕೆಳಗಿನ ಬ್ಯಾಂಕು, ಬಸ್ಸು, ಶಾಲೆ ಎಲ್ಲ ಎಂದಿನಂತೆ ಕಂಡವು. ಮೇಜಿನ ತುಂಬ ಹಸಿರು ದೀಪ.

ಹನ್ನೊಂದು ವರ್ಷ ನಾನು ಹಾಸಿದ ಶುಭಾಶಯಗಳಿಗೆ ಸ್ಪರ್ಶವೇ ಇರಲಿಲ್ಲ. ನೋಟವೊಂದನ್ನು ಆರಿಸಿದರೆ ಮುಗಿಯುತ್ತಿತ್ತು. ಬೆಳಿಗ್ಗೆ ನಾಲ್ಕಕ್ಕೆ ಎದ್ದ ಕೈ ಹನ್ನೊಂದು ವರ್ಷದಂತೆಯೇ ಒಂದೇ ಗುಂಡಿ ಒತ್ತಿ ಹಿಂದಕ್ಕೆ ಬಂತು.

ನಮ್ಮ ಪಾಳಿಯ ಮೇಲ್ವಿಚಾರಕರು ನಂಜುಂಡಾರಾಧ್ಯರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಯಾರಿಗೂ ಗದರದ ಮನುಷ್ಯ. ಮನೆಯಿಂದ ಎಲ್ಲರಿಗೂ ಸಾಲುವಷ್ಟು ಒಬ್ಬಟ್ಟು ತಂದಿದ್ದರು. ಹನ್ನೆರಡೂ ಹತ್ತಕ್ಕೆ ಶುಭಾಶಯದ ಎಣಿಕೆ ನೋಡಿ ಅವರಿಗೆ ಖುಷಿಯಾಯಿತು. ಎಲೆ ನಿಂತು ಒಂಬತ್ತು ನಿಮಿಷವಾದರೂ ಎಣಿಕೆ ಏರುತ್ತಲೇ ಇತ್ತು. ನಮ್ಮ ಜಿಲ್ಲೆಯ ಜನಕ್ಕೆ ಹಬ್ಬವೆಂದರೆ ಎಷ್ಟು ಪ್ರೀತಿ ನೋಡಿ ಎಂದು ಶಾಹಿನಾಳ ತಟ್ಟೆಗೆ ಇನ್ನೊಂದು ಒಬ್ಬಟ್ಟು ಹಾಕಿದರು. ಮಲಗಿಸಿದ ಪದರಕ್ಕೆ ಇನ್ನೂ ಎಣಿಕೆ ಹೇಗೆ ಬರುತ್ತಿದೆ ಎಂದು ನನಗಾದರೂ ಹೊಳೆಯಬೇಕಿತ್ತು. ತುಪ್ಪ ಸಾಕು ಸರ್ ಎನ್ನುತ್ತಿದ್ದೆ.

ಪಾಳಿಯಲ್ಲಿ ನಾವು ಎಡಗೈಗೆ ಬಟ್ಟೆಯ ಚೀಲ ಹಾಕಿಕೊಂಡಿರಬೇಕು, ಮನೆಯ ವಿಷಯ ನಡುವೆ ಬರಬಾರದೆಂದು. ಹನ್ನೆರಡೂ ಹದಿನೆಂಟಕ್ಕೆ ಕೈತೊಳೆಯಲು ಎದ್ದಾಗ ಚೀಲ ತೆಗೆದು ಅಂಗೈ ನೋಡಿಕೊಂಡೆ, ಮಗಳ ಊಟ ಆಯಿತೇನೋ ಎಂದು.

‘ಪಾಲಾಕ್ಷ ಅವರಿಂದ ನಿಮಗೆ ಯುಗಾದಿ ಶುಭಾಶಯಗಳು.’

ನಗು ಬಂತು. ಮದುವೆಯಾದ ಹದಿಮೂರು ವರ್ಷದಲ್ಲಿ ನನ್ನ ಹುಟ್ಟುಹಬ್ಬಕ್ಕೂ ಬಾಯಿಬಿಟ್ಟು ಒಂದು ಶುಭಾಶಯ ಹೇಳಿದವರಲ್ಲ. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಒಟ್ಟು ಹದಿನೇಳು. ಎಲ್ಲವೂ ಹನ್ನೆರಡು ಗಂಟೆ ಆರು ನಿಮಿಷದಿಂದ ಈಚೆಗೆ ಬಂದವು. ನೋಡುತ್ತಿದ್ದಂತೆ ಹದಿನೆಂಟಾಯಿತು.

ಅಂಗೈಯ ಮೂಲೆಯಲ್ಲಿ ಪಂಪು ಕಳಿಸುವ ಅಂಕಿ, ಇಬ್ಬನಿಯ ರಕ್ತದ ಸಕ್ಕರೆ, ಕಾಣುತ್ತಿತ್ತು. ಎಂಬತ್ತೆಂಟು, ಪಕ್ಕದಲ್ಲಿ ಕೆಳಮುಖವಾದ ಎರಡು ಬಾಣ. ಊಟ ಮಾಡಿದ ಮಗುವಿನ ಅಂಕಿ ಏರಬೇಕು, ಇಳಿಯಬಾರದು. ಮನೆಗೆ ಕರೆ ಮಾಡಲು ಮಾತಿನ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಕೆಳಗೆ ಸಣ್ಣಗೆ ಅಕ್ಷರ ಮೂಡಿತು: ‘ನಿಮ್ಮ ಶುಭಾಶಯ ತಲುಪಿದೆ.’

ತಂಬಿಗೆ ಅಲ್ಲೇ ಬಿಟ್ಟು ಮೇಜಿಗೆ ಓಡಿ ಬಂದೆ. ಪ್ರತಿ ಶುಭಾಶಯದ ಜೊತೆಗೆ ಅಂಗೈಯ ಯಾವ ಜಾಗದಲ್ಲಿ ಒತ್ತಿದರು ಎಂಬುದೂ ದಾಖಲಾಗಿರುತ್ತದೆ. ಪಾಲಾಕ್ಷರ ಹೆಸರು ಹಾಕಿದೆ. ಹದಿನೆಂಟು ಚುಕ್ಕೆಗಳೂ ಒಂದರ ಮೇಲೊಂದು ಕೂತು ಒಂದೇ ಚುಕ್ಕೆಯಾಗಿದ್ದವು. ಹೆಬ್ಬೆರಳಿನ ಬುಡ.

ಅವರು ನನಗೆ ಹಬ್ಬದ ಶುಭಾಶಯ ಹೇಳುತ್ತಿರಲಿಲ್ಲ. ನಿಲ್ಲಿಸು, ನಿಲ್ಲಿಸು ಎನ್ನುತ್ತಿದ್ದರು.

ಇಡೀ ಜಿಲ್ಲೆಯ ಚುಕ್ಕೆಗಳನ್ನು ತೆರೆದೆ. ಎಲ್ಲಿ ಬೇಕಾದರೂ ಒತ್ತಬಹುದಾದ ಶುಭಾಶಯಕ್ಕೆ ಚುಕ್ಕೆಗಳು ಅಂಗೈ ತುಂಬ ಚೆಲ್ಲಾಡಿರಬೇಕಿತ್ತು. ಪರದೆಯ ಮೇಲಿನ ಅಂಗೈಯಲ್ಲಿ ಕಪ್ಪು ಗುಡ್ಡೆಗಳಿದ್ದವು. ಮಾತಿನ ಮೇಲೊಂದು ಗುಡ್ಡೆ, ಲಿಫ್ಟಿನ ಮೇಲೊಂದು, ಆಂಬ್ಯುಲೆನ್ಸಿನ ಮೇಲೊಂದು. ಹೆಬ್ಬೆರಳಿನ ಬುಡದಲ್ಲಿ ಒಂದು ಸಣ್ಣದು.

ಮಲಗಿದ ಪದರದ ಸ್ಪರ್ಶವನ್ನು ಆರಿಸಲು ಬರುವುದಿಲ್ಲ. ಮೊದಲು ಎಬ್ಬಿಸಬೇಕು, ಗೊತ್ತುಮಾಡಿದ ಹೊತ್ತಿಗೆ ಮುಂಚೆ ಎಬ್ಬಿಸಲು ಮುದ್ರೆ ಬೇಕು, ಮುದ್ರೆ ಹಾಕುವವರು ಹಬ್ಬದೂಟಕ್ಕೆ ಕೂತಿರುತ್ತಾರೆ. ಉಳಿದದ್ದು ತೆಗೆಯುವುದು. ಮೇಲಿನ ಕಚೇರಿಯ ಪದರವಾದ್ದರಿಂದ ಅದಕ್ಕೆ ನನ್ನ ಹೆಬ್ಬೆಟ್ಟಿನ ಜೊತೆ ಮೇಲ್ವಿಚಾರಕರ ಹೆಬ್ಬೆಟ್ಟೂ ಬೇಕು.

ಆರಾಧ್ಯರಿಗೆ ಹೇಳಿದೆ. ಅವರು ಒಬ್ಬಟ್ಟು ಮುರಿಯುತ್ತಿದ್ದ ಕೈಯನ್ನು ತಟ್ಟೆಯ ಮೇಲೆಯೇ ನಿಲ್ಲಿಸಿ ದೀಪಗಳ ಕಡೆ ನೋಡಿದರು. ಎಲ್ಲ ಹಸಿರಿದೆಯಲ್ಲ ಎಂದರು. ಹಸಿರು ದೀಪ ನೋಟವನ್ನು ಮಾತ್ರ ಹೇಳುತ್ತದೆ ಎಂದೆ. ತೆಗೆದರೆ ಸಂಜೆಯ ಎಲೆ ಉದುರುವುದಿಲ್ಲ, ಮೇಲಿನವರು ಕೇಳಿದರೆ ಏನು ಹೇಳುವುದು, ಒಂದು ಮಾತು ಕೇಳಿಬಿಡೋಣ ಎಂದರು. ಕೇಳುವುದಕ್ಕೂ ಅಂಗೈಯೇ ಬೇಕಲ್ಲ ಸರ್ ಎಂದು ಶಾಹಿನಾ ಹೇಳಿದಳು.

ನಾನು ಪರದೆಯನ್ನು ಅವರ ಕಡೆಗೆ ತಿರುಗಿಸಿದೆ.

“ಸರ್, ಶುಭಾಶಯ ಹೇಳೋರು ಯಾರಾದ್ರೂ ಹುಡುಕಿ ಹುಡುಕಿ ಆಂಬ್ಯುಲೆನ್ಸ್ ಮೇಲೇ ಒತ್ತುತಾರಾ?”

ಅವರು ಬಹಳ ಹೊತ್ತು ನೋಡಲಿಲ್ಲ. ಎದ್ದು ಬಂದು ಹೆಬ್ಬೆಟ್ಟು ಒತ್ತಿದರು. ಯಂತ್ರ ಒಪ್ಪಲಿಲ್ಲ. ಮತ್ತೆ ಒತ್ತಿದರು. ಕೆಂಪು.

“ತುಪ್ಪ, ಸರ್. ಒರೆಸ್ಕೊಳ್ಳಿ.”

ಹಬ್ಬಕ್ಕೆಂದು ಉಟ್ಟಿದ್ದ ಬಿಳಿ ಪಂಚೆಗೆ ಹೆಬ್ಬೆಟ್ಟನ್ನು ಉಜ್ಜಿದರು. ಆ ಹೊತ್ತಿಗೆ ನನ್ನ ಅಂಗೈಯಲ್ಲಿ ಅಂಕಿ ಎಪ್ಪತ್ತೊಂದಾಗಿತ್ತು, ಶುಭಾಶಯ ಇಪ್ಪತ್ತಮೂರಾಗಿತ್ತು. ಇಪ್ಪತ್ತಮೂರಕ್ಕೆ ನಿಂತಿತು. ಒಂದು ನಿಮಿಷ ಕಾದೆ, ಇಪ್ಪತ್ತನಾಲ್ಕನೆಯದು ಬರಲಿಲ್ಲ. ಸಕ್ಕರೆಯ ಅಂಕಿಯೂ ಅಳಿಸಿಹೋಗಿ ಆ ಜಾಗದಲ್ಲಿ ಎರಡು ಗೀಟುಗಳು ಬಂದವು. ಪಂಪಿನ ಜೊತೆ ಸಂಪರ್ಕ ತಪ್ಪಿದರೆ ಬರುವ ಗೀಟುಗಳು.

ಮೂರನೆಯ ಸಲಕ್ಕೆ ಯಂತ್ರ ಹೆಬ್ಬೆಟ್ಟನ್ನು ಒಪ್ಪಿತು. ಹನ್ನೆರಡೂ ಮೂವತ್ತೊಂದಕ್ಕೆ ಪದರ ಹೋಯಿತು. ಇಡೀ ಕೋಣೆಯ ದೀಪಗಳು ಒಮ್ಮೆಲೇ ಹಳದಿಗೆ ತಿರುಗಿದವು, ತಡೆದಿದ್ದ ಜಿಲ್ಲೆಯೆಲ್ಲ ಒಟ್ಟಿಗೆ ಒತ್ತುತ್ತಿತ್ತು. ನಾನು ಮನೆಗೆ ಕರೆ ಮಾಡಿದೆ. ಯಾರೂ ಎತ್ತಲಿಲ್ಲ.

ಶಾಹಿನಾ ತನ್ನ ಸ್ಕೂಟರಿನ ಬೀಗದ ಕೈ ನನ್ನ ಮುಂದೆ ಇಟ್ಟಳು. “ನಿಮ್ ಮೇಜು ನಾನು ನೋಡ್ಕೋತೀನಿ. ಹೋಗಿ ಅಕ್ಕಾ.”

ಗುಬ್ಬಿ ಗೇಟಿನ ಹತ್ತಿರದ ನಮ್ಮ ಮನೆಗೆ ಹನ್ನೆರಡು ನಿಮಿಷದ ದಾರಿ. ದಾರಿಯುದ್ದಕ್ಕೂ ಜನ ಹೊಸ ಬಟ್ಟೆಯಲ್ಲಿ ಬಾಗಿಲಿಗೆ ಬಂದು ನಿಂತು ಅಂಗೈ ಒದರುತ್ತಿದ್ದರು, ಕೆಲವರು ಸೆರಗಿನಿಂದ ಒರೆಸುತ್ತಿದ್ದರು. ನಾನು ಏನನ್ನೂ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಚೀಟಿಯನ್ನು ಬರೆದ ಪೆನ್ನು ಯಾವ ಬಣ್ಣದ್ದೆಂದು ಯೋಚಿಸುತ್ತಿದ್ದೆ.

ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಪಾಲಾಕ್ಷ ಗೋಡೆಗೆ ಒರಗಿ, ಮಂಡಿಗಳ ನಡುವೆ ತಲೆಯಿಟ್ಟು ಕೂತಿದ್ದರು. ತಲೆ, ಅಂಗಿ ಎಲ್ಲ ಒದ್ದೆ. ಪಕ್ಕದಲ್ಲಿ ಖಾಲಿ ಚೊಂಬು. ದೇವರ ಮುಂದೆ ಇಬ್ಬನಿ ಕಾಲು ಚಾಚಿ ಕೂತಿದ್ದಳು. ಮುಖ ಬಿಳಿಚಿತ್ತು, ಹಣೆಯಲ್ಲಿ ಬೆವರು. ಮಡಿಲಲ್ಲಿ ಬೇವು-ಬೆಲ್ಲದ ಬಟ್ಟಲು, ಬರಿದಾಗಿತ್ತು. ಪಂಪೂ ಕೊಳವೆಯೂ ನೆಲದ ಮೇಲೆ ಬಿದ್ದಿದ್ದವು.

“ಅಪ್ಪ ಬಿದ್ದೋದ್ರು” ಎಂದಳು.

ನಡೆದದ್ದನ್ನು ಇಬ್ಬರೂ ತುಂಡು ತುಂಡಾಗಿ ಹೇಳಿದರು. ಹನ್ನೆರಡು ಹೊಡೆಯುವ ಮೊದಲೇ ಅಪ್ಪ ‘ಕೊಡು’ ಒತ್ತಿ, ಬಡಿಸಿ, ಇವಳು ಎರಡು ತುತ್ತು ತಿಂದದ್ದೇ ಎಲ್ಲವನ್ನೂ ವಾಂತಿ ಮಾಡಿದ್ದಳು. ಹೊಟ್ಟೆಯಲ್ಲಿ ಅನ್ನವಿಲ್ಲ, ಪಂಪು ಕೊಡುತ್ತಲೇ ಇದೆ. ಅಪ್ಪ ‘ನಿಲ್ಲಿಸು’ ಒತ್ತಿದರು, ಒತ್ತಿದರು. ಪಕ್ಕದ ಮನೆಗೆ ಓಡಿದರು, ಅವರ ಅಂಗೈಯೂ ಹಾಗೆಯೇ. ಮಗಳ ಕೈ ನಡುಗಲು ಶುರುವಾದಾಗ ವಾಪಸು ಬಂದು, ಕಣ್ಣು ಮುಚ್ಚಿಕೊಂಡು ಕೊಳವೆಗೆ ಕೈ ಹಾಕಿದರಂತೆ. ಒಂದು ಸಲ ಎಳೆದರಂತೆ. ಕಣ್ಣು ಬಿಟ್ಟರಂತೆ.

“ಒಂದು ಹನಿ ರಕ್ತ ಅಮ್ಮ, ಅಷ್ಟೇ. ಧಡ್ ಅಂದ್ರು” ಎಂದಳು. “ಅರ್ಧ ಬಂದಿತ್ತು. ಆಮೇಲೆ ನಾನೇ ಒಂದು, ಎರಡು, ಮೂರು ಅಂತ ಎಣಿಸಿ ಕಿತ್ಕೊಂಡೆ. ನೀನು ಎಣಿಸ್ತೀಯಲ್ಲ ಹಂಗೆ.”

ಬಟ್ಟಲಿನ ಕಡೆ ನೋಡಿದೆ. ಅವಳು ತಪ್ಪು ಮಾಡಿದವಳಂತೆ ಅದನ್ನು ಹಿಂದಕ್ಕೆ ಸರಿಸಿದಳು.

“ನೀನು ಬರೋವರ್ಗೂ ಇಡ್ಬೇಕು ಅಂತಾನೇ ಇದ್ದೆ. ಬೇವು ಆರಿಸೋಕೂ ಟೈಮಿರ್ಲಿಲ್ಲ.”

ಬೆರಳು ಚುಚ್ಚಿ ನೋಡಿದೆ. ತೊಂಬತ್ತನಾಲ್ಕು, ಏರುತ್ತಿತ್ತು. ಅವಳ ಅಂಗೈಯ ಪೊರೆಯ ಮೇಲೆ ಬೆಲ್ಲದ ಪಾಕ ಒಣಗಿ ಅಂಟಾಗಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೆ. ಪಾಲಾಕ್ಷ ತಲೆ ಎತ್ತದೆಯೇ, ಒತ್ತಿದೆ ಕಣೇ, ಎಷ್ಟು ಸಲ ಒತ್ತಿದೆ ಗೊತ್ತಾ ಎಂದರು. ಗೊತ್ತು ಎಂದೆ. ಇಪ್ಪತ್ತಮೂರು. ಯಾಕೆ ತಗಲಲಿಲ್ಲ ಎಂಬುದನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ನಾಲ್ಕಕ್ಕೆ ಎದ್ದಿದ್ದೀಯ, ಮೊದಲು ಊಟ ಮಾಡು ಎಂದರು.

ಊಟ ಮಾಡಲಿಲ್ಲ. ಅರ್ಧ ಗಂಟೆ ಅವಳ ಪಕ್ಕದಲ್ಲಿ ಕೂತು, ಹೊಸ ಕೊಳವೆ ಹಾಕಿ, ಅಂಕಿ ನಿಂತದ್ದನ್ನು ಎರಡು ಸಲ ನೋಡಿ ಕೇಂದ್ರಕ್ಕೆ ಹಿಂತಿರುಗಿದೆ.

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಅಭಿನಂದನೆ ಬಂದಿತ್ತು. ಶುಭಾಶಯದ ಎಣಿಕೆಯಲ್ಲಿ ನಮ್ಮ ಜಿಲ್ಲೆಯೇ ಮೊದಲು, ಪಾಳಿಯವರ ಹೆಸರು ಕಳಿಸಿ ಎಂದಿತ್ತು. ಆರಾಧ್ಯರು ವರದಿಯ ಕರಡು ಮಾಡಿಟ್ಟಿದ್ದರು: ತಾಂತ್ರಿಕ ಕಾರಣದಿಂದ ಅರ್ಧ ಗಂಟೆ ಸೇವೆಯಲ್ಲಿ ಅಡಚಣೆ. ನಿಮ್ಮ ಹೆಸರು ಇದರಲ್ಲಿ ಇಲ್ಲಮ್ಮ ಎಂದರು. ನನ್ನನ್ನು ಉಳಿಸುವುದಕ್ಕೇ ಹಾಗೆ ಬರೆದಿದ್ದರು, ಅದರಲ್ಲಿ ಅನುಮಾನವಿಲ್ಲ.

ಶಾಹಿನಾ ಒಂದು ಪಟ್ಟಿಯನ್ನು ನನ್ನ ಪರದೆಗೆ ಕಳಿಸಿದಳು. ಒಂದೇ ಜಾಗದಲ್ಲಿ ಹತ್ತಕ್ಕಿಂತ ಹೆಚ್ಚು ಸಲ ಒತ್ತಿ, ಪದರ ತೆಗೆಯುವ ಮೊದಲೇ ಒತ್ತುವುದನ್ನು ನಿಲ್ಲಿಸಿ, ಆಮೇಲೆ ಏನನ್ನೂ ಒತ್ತದೆ ಉಳಿದ ಅಂಗೈಗಳು. ಮುನ್ನೂರ ಹನ್ನೆರಡು. ಅದರಲ್ಲಿ ಪಾಲಾಕ್ಷರ ಹೆಸರೂ ಇತ್ತು. ಇಪ್ಪತ್ತಮೂರಕ್ಕೆ ನಿಂತದ್ದು ಯಾಕೆಂದು ಆ ಒಂದು ಸಾಲಿನ ಮಟ್ಟಿಗೆ ನನಗೆ ಗೊತ್ತಿತ್ತು. ಅದನ್ನು ಹೊಡೆದುಹಾಕಿದೆ. ಮುನ್ನೂರ ಹನ್ನೊಂದು.

ವರದಿಯ ಕರಡಿನಲ್ಲಿ ತಾಂತ್ರಿಕ ಕಾರಣ ಎಂಬುದನ್ನು ತೆಗೆದು, ಪದರ ಮಲಗಿಸುವಾಗ ಸ್ಪರ್ಶ ಆರಿಸಲು ಮರೆತವಳು ನಾನು ಎಂದು ಬರೆದು ಹೆಸರು ಹಾಕಿದೆ. ಶಿವಗಂಗಾ, ಬೆಳಗಿನ ಪಾಳಿ. ಆರಾಧ್ಯರು ಓದಿ, ಕನ್ನಡಕ ತೆಗೆದಿಟ್ಟರು. ಮೇಜಿನ ಅಂಚಿನ ಚೀಟಿಯನ್ನು ಉಗುರಿನಿಂದ ಎಬ್ಬಿಸಿದೆ. ಒಂಬತ್ತು ವರ್ಷದ ಅಂಟು, ಅರ್ಧ ಮಾತ್ರ ಬಂತು.

ಪಾಳಿ ಎರಡಕ್ಕೆ ಮುಗಿಯಿತು. ಮನೆಗೆ ಹೇಳಿಕಳಿಸಿ, ಎಡಗೈಯ ಚೀಲ ತೆಗೆದು ಪಕ್ಕಕ್ಕಿಟ್ಟು, ಪಟ್ಟಿಯ ಮೊದಲ ಸಾಲಿನಿಂದ ಕರೆ ಮಾಡಲು ಕೂತೆ. ಕೆಳಗಿನ ಸಾಲುಗಳಿಂದ ಶಾಹಿನಾ ಶುರುಮಾಡಿದಳು. ಏನೆಂದು ಕೇಳಬೇಕು ಎಂದು ಅವಳು ಕೇಳಿದಳು. ಇದ್ದದ್ದನ್ನೇ ಕೇಳೋಣ ಎಂದೆ.

ಮೊದಲ ಕರೆಗೆ ಸಿಕ್ಕ ಅಜ್ಜಿ ಮಗಳ ಜೊತೆ ಮಾತಾಡಲು ಒತ್ತಿದ್ದರು, ಆಮೇಲೆ ಅಲ್ಲೇ ನಿದ್ದೆ ಹೋಗಿದ್ದರು. ಎರಡನೆಯವರು ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರು, ಕೂಗಿದ್ದಕ್ಕೆ ವಾಚ್‌ಮನ್ ಬಂದು ಹೊರಗೆ ಎಳೆದಿದ್ದ. ಮೂರನೆಯವನು ಕ್ರಿಕೆಟ್ ಸ್ಕೋರು ನೋಡಬೇಕಿತ್ತು ಎಂದು ನಕ್ಕ. ಅವನ ಮೇಲೆ ಸಿಟ್ಟು ಬರಲಿಲ್ಲ. ಎಲ್ಲರೂ ಅವನಂತೆಯೇ ಇರಲಿ ಎನ್ನಿಸಿತು.

ನಾಲ್ಕನೆಯ ಅಂಗೈ ಶಿರಾ ಕಡೆಯದು. ಆಂಬ್ಯುಲೆನ್ಸಿನ ಜಾಗ. ಬಹಳ ಹೊತ್ತು ಕರೆ ಹೋದಮೇಲೆ ಯಾರೋ ಎತ್ತಿದರು. ಹಿಂದೆ ತುಂಬ ಜನರ ಸದ್ದಿತ್ತು, ಹಬ್ಬದ್ದೋ ಬೇರೆಯದೋ ಗೊತ್ತಾಗಲಿಲ್ಲ. ನಾನು ಹೆಸರು ಹೇಳಿ, ಎಲ್ಲಿಂದ ಮಾತಾಡುತ್ತಿದ್ದೇನೆಂದು ಹೇಳಿ, ಕೇಳಿದೆ.

“ಮಧ್ಯಾಹ್ನ ನೀವು ನಲವತ್ತೊಂದು ಸಲ ಒತ್ತಿದ್ರಿ. ನಮಗೆ ಮುಟ್ಟಲಿಲ್ಲ. ಏನು ಬೇಕಾಗಿತ್ತು?”

ಆ ಕಡೆಯ ಗಂಡಸು ಉಸಿರು ಬಿಟ್ಟದ್ದು ಕೇಳಿಸಿತು.

“ಈಗ ಕೇಳ್ತಿದೀರಾ?” ಎಂದ.

ಹೌದು ಎಂದೆ. ಕರೆ ಇಡಲಿಲ್ಲ. ಅವನೂ ಇಡಲಿಲ್ಲ. ಅಂಗೈಯನ್ನು ಕಿವಿಯ ಹತ್ತಿರ ಹಿಡಿದು, ಅವನು ಹೇಳುವವರೆಗೂ ಕಾದು ಕೂತೆ.